ಅಂಕದ ಚಾರ್ಟ್ ಬಿಟ್ಟೆ, ಆಯ್ಕೆಯ ಚಾರ್ಟ್ ಹಿಡಿದೆ

ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಬಿ.ಕಾಂ. ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಕ್ಲಾಸಿನ ಜೊತೆಗೆ ಮೂಡಲ್ (Moodle) ಅನ್ನುವ ಆನ್‌ಲೈನ್ ಪಾಠದ ತಂತ್ರಾಂಶದಲ್ಲಿ ಒಂದು ಕೋರ್ಸ್ ಕೂಡ ಇದೆ. ವಾರಕ್ಕೊಂದು ಸಣ್ಣ ಕ್ವಿಜ್. ಆಲೂರು, ಬೇಲೂರು, ಅರಕಲಗೂಡು ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳೇ ಜಾಸ್ತಿ. ಕ್ವಿಜ್ ಮಾಡುವುದು ಫೋನಿನಲ್ಲೇ, ಎಷ್ಟೋ ಸಲ ಬಸ್ಸಿನಲ್ಲೇ ಕೂತು. ಫಲಿತಾಂಶವನ್ನು ಚಾರ್ಟ್ ಮಾಡಿ ತೋರಿಸುವುದು ಹೇಗೆ ಅಂತ ಬೇರೆ ಮೇಷ್ಟ್ರುಗಳು ಆಗಾಗ ಕೇಳುತ್ತಾರೆ. ಹೇಗೆ ಅನ್ನುವುದಕ್ಕಿಂತ ಏನನ್ನು ತೋರಿಸಬೇಕು ಅನ್ನುವುದೇ ಇಲ್ಲಿ ದೊಡ್ಡ ವಿಷಯ.

ಮೂಡಲ್‌ನಲ್ಲಿ ಕ್ವಿಜ್‌ನ ಗ್ರೇಡ್ಸ್ ವರದಿ ತೆರೆದರೆ, ಮಕ್ಕಳ ಪಟ್ಟಿಯ ಕೆಳಗೆ ಒಂದು ಬಾರ್ ಚಾರ್ಟ್ ತಾನಾಗೇ ಬರುತ್ತದೆ. ಎಷ್ಟರಿಂದ ಎಷ್ಟು ಅಂಕದೊಳಗೆ ಎಷ್ಟು ಜನ ಇದ್ದಾರೆ ಅಂತ ತೋರಿಸುತ್ತದೆ. 2016ರ ಕೊನೆಯಲ್ಲಿ ಬಂದ 3.2 ಆವೃತ್ತಿಯಿಂದ ಚಾರ್ಟ್ ಬಿಡಿಸುವ ಚಾರ್ಟ್.ಜೆಎಸ್ ಅನ್ನುವ ತಂತ್ರಾಂಶ ಮೂಡಲ್ ಒಳಗೇ ಸೇರಿದೆ. ಹಾಗಾಗಿ ನೋಡಲೂ ಚೆನ್ನಾಗಿರುತ್ತದೆ. ಆದರೆ ಇದು ಕಾಣುವುದು ಮೇಷ್ಟ್ರಿಗೆ, ಮಕ್ಕಳಿಗಲ್ಲ. ಮಕ್ಕಳಿಗೆ ಕಾಣಬೇಕಾಗಿಯೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಹತ್ತಕ್ಕೆ ಮೂರು ತೆಗೆದ ಹುಡುಗನಿಗೆ ಈ ಚಾರ್ಟ್ ಹೇಳುವುದು ಒಂದೇ: ನೀನು ಹಿಂದಿದ್ದೀಯ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹೆಚ್ಚು ಅಂಕ ತೆಗೆದವರ ಹೆಸರು ಕೋರ್ಸಿನ ಪಕ್ಕದಲ್ಲಿ ತೋರಿಸುವ ಬ್ಲಾಕ್ ಕೂಡ ಮೂಡಲ್‌ನಲ್ಲಿದೆ. ಅದನ್ನು ನಾನು ಹಾಕುವುದೇ ಇಲ್ಲ. ಅದೇ ಮೂರು ನಾಲ್ಕು ಹೆಸರು ವಾರವಾರ ಬಂದರೆ ಉಳಿದವರು ಆ ಕಡೆ ನೋಡುವುದನ್ನೇ ಬಿಡುತ್ತಾರೆ, ಅಲ್ವಾ?

ನಾನು ತೋರಿಸುವುದು ಪ್ರಶ್ನೆಯ ಚಾರ್ಟ್. ಒಂದು ಪ್ರಶ್ನೆ, ಅದರ ನಾಲ್ಕು ಆಯ್ಕೆ, ಯಾವುದನ್ನು ಎಷ್ಟು ಜನ ಒತ್ತಿದರು, ಅಷ್ಟೇ. ಒಂದು ಉದಾಹರಣೆ ಹೇಳುತ್ತೇನೆ. ಹಾಸನದ ಮಕ್ಕಳಿಗೆ ಆಲೂಗಡ್ಡೆ ಲೆಕ್ಕ ಹೊಸದಲ್ಲ. ಐದು ಜನ ರೈತರು ಮಂಡಿಗೆ ತಂದ ಮೂಟೆಗಳು 12, 15, 30, 25, 18. ಇದರ ಮಧ್ಯಾಂಕ ಎಷ್ಟು? ಆಯ್ಕೆಗಳು 12, 18, 20, 30. ಏರಿಕೆ ಕ್ರಮದಲ್ಲಿ ಬರೆದರೆ 12, 15, 18, 25, 30. ನಡುವೆ ಬರುವುದು 18, ಅದೇ ಉತ್ತರ. ಸುಮ್ನೆ ಕೊಟ್ಟ ಸಾಲಿನ ನಡುವಿನ ಸಂಖ್ಯೆ ಎತ್ತಿಕೊಂಡವರಿಗೆ 30 ಸಿಗುತ್ತದೆ. ಕೂಡಿಸಿ ಐದರಿಂದ ಭಾಗಿಸಿದವರಿಗೆ 20 ಸಿಗುತ್ತದೆ. ಅವರು ಸರಾಸರಿಯನ್ನೇ ಮಧ್ಯಾಂಕ ಅಂದುಕೊಂಡಿದ್ದಾರೆ.

ಚಾರ್ಟ್‌ನಲ್ಲಿ 30ರ ಬಾರ್ 18ರ ಬಾರಿಗಿಂತ ಉದ್ದ ಬಂತು. ಕ್ಲಾಸಿನಲ್ಲಿ ಸರಿ ಉತ್ತರ ಯಾವುದು ಅಂತ ಹೇಳದೆ ಚಾರ್ಟ್ ಹಾಕಿ ಸುಮ್ಮನೆ ನಿಂತೆ. ಹಿಂದಿನ ಬೆಂಚಿನಿಂದ ಒಬ್ಬಳು, ‘ಮೇಡಂ, ಜೋಡಿಸಿ ಅಂತ ಪ್ರಶ್ನೆಯಲ್ಲಿ ಹೇಳೇ ಇಲ್ಲವಲ್ಲ?’ ಅಂದಳು. ಪಕ್ಕದವಳು, ‘ಜೋಡಿಸದೆ ನಡುವಿನದು ಅಂದರೆ ಯಾರ ನಡುವೆ?’ ಅಂತ ಕೇಳಿದಳು. ಅಲ್ಲಿಂದ ಪಾಠ ಅವರದೇ. ತಪ್ಪು ಒತ್ತಿದವರಲ್ಲಿ ತಾನೊಬ್ಬಳೇ ಅಲ್ಲ ಅಂತ ಬಾರ್ ನೋಡಿದಾಗ ಗೊತ್ತಾಗುತ್ತದೆ. ಆಗ ಬಾಯಿ ಬಿಡುವ ಧೈರ್ಯ ಬರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಅದೇ ಮೂಟೆಗಳನ್ನು 12, 30, 18, 25, 15 ಅಂತ ಕೊಟ್ಟಿದ್ದರೆ ಜೋಡಿಸದವರಿಗೂ 18 ಸಿಗುತ್ತಿತ್ತು. ಚಾರ್ಟ್ ನೋಡಿ ಎಲ್ಲರಿಗೂ ಮಧ್ಯಾಂಕ ಬಂತು ಅಂತ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆವು. ಆದ್ದರಿಂದ ನನ್ನ ಮುಕ್ಕಾಲು ಪಾಲು ಕೆಲಸ ಚಾರ್ಟ್ ಮಾಡುವುದಲ್ಲ, ತಪ್ಪು ಆಯ್ಕೆಗಳನ್ನು ಯೋಚಿಸಿ ಬರೆಯುವುದು. ಪ್ರತಿ ತಪ್ಪು ಆಯ್ಕೆಗೂ ಒಂದು ತಪ್ಪು ದಾರಿ ಇರಬೇಕು. ಬಾಯಿಗೆ ಬಂದ ಸಂಖ್ಯೆ ಹಾಕಿದರೆ ಆ ಬಾರ್‌ನಿಂದ ಏನೂ ತಿಳಿಯುವುದಿಲ್ಲ. ಮೇಲಿನ ಪ್ರಶ್ನೆಯಲ್ಲಿ 12 ಅಂಥದ್ದೇ, ಸುಮ್ನೆ ಜಾಗ ತುಂಬಿದೆ.

ಈಗ ಮಾಡುವ ಬಗೆ. ಕ್ವಿಜ್‌ನ ರೆಸ್ಪಾನ್ಸಸ್ ವರದಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿಯ ಫೈಲ್) ಆಗಿ ಇಳಿಸಿಕೊಂಡು ಗೂಗಲ್ ಶೀಟ್ಸ್‌ಗೆ ಹಾಕುತ್ತೇನೆ. ನೇರ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಚಿತ್ರವಿಚಿತ್ರವಾಗಿ ಬರುವುದುಂಟು, ಶೀಟ್ಸ್‌ನಲ್ಲಿ ಆ ತಾಪತ್ರಯ ಇಲ್ಲ. ಕೌಂಟ್‌ಇಫ್ (COUNTIF) ಅನ್ನುವ ಎಣಿಕೆಯ ಸೂತ್ರ ಹಾಕಿ ಪ್ರತಿ ಆಯ್ಕೆಯನ್ನು ಎಣಿಸುತ್ತೇನೆ. ಮೂಡಲ್ ಆಯ್ಕೆಗಳನ್ನು ಒಬ್ಬೊಬ್ಬರಿಗೂ ಒಂದೊಂದು ಕ್ರಮದಲ್ಲಿ ಕಲಸಿ ಕೊಡುತ್ತದೆ. ಒಬ್ಬನಿಗೆ ‘ಎ’ ಆಗಿದ್ದದ್ದು ಇನ್ನೊಬ್ಬನಿಗೆ ‘ಸಿ’. ಹಾಗಾಗಿ ಎಣಿಸುವುದು, ಬಾರ್ ಪಕ್ಕ ಬರೆಯುವುದು ಎರಡೂ ಉತ್ತರವನ್ನೇ, ಎ, ಬಿ, ಸಿ ಅಲ್ಲ. ಒಬ್ಬರಿಗೆ ಎರಡು ಮೂರು ಸಲ ಬರೆಯಲು ಅವಕಾಶ ಕೊಟ್ಟಿದ್ದರೆ ಮೊದಲನೆಯ ಸಲದ್ದನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಆಮೇಲಿನದರಲ್ಲಿ ನೆನಪೂ ಪಕ್ಕದವರ ಉಪಕಾರವೂ ಸೇರಿಕೊಂಡಿರುತ್ತವೆ.

ಹೆಸರಿರುವ ಹಾಳೆ ಬೇರೆ, ಎಣಿಕೆಯ ಹಾಳೆ ಬೇರೆ ಇರಲಿ. ಶೀಟ್ಸ್‌ನಲ್ಲಿ ಒಂದು ಚಾರ್ಟನ್ನು ಮಾತ್ರ ವೆಬ್‌ಗೆ ಪ್ರಕಟಿಸಿ ಮೂಡಲ್ ಪುಟದಲ್ಲಿ ಕೂರಿಸಬಹುದು. ಪ್ರಕಟಿಸುವಾಗ ಇಡೀ ಫೈಲ್ ಆರಿಸದಂತೆ ಮಾತ್ರ ನೋಡಿಕೊಳ್ಳಬೇಕು. ನಾನಂತೂ ಚಾರ್ಟನ್ನು ಚಿತ್ರವಾಗಿ ಇಳಿಸಿಕೊಂಡು ಹಾಕುತ್ತೇನೆ. ಮಲೆನಾಡಿನ ಕಡೆ ಹೋದಂತೆ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿಯುತ್ತದೆ, ಸಣ್ಣ ಚಿತ್ರವಾದರೆ ಹೇಗೋ ತೆರೆದುಕೊಳ್ಳುತ್ತದೆ.

ಬಾರ್‌ಗಳು ಅಡ್ಡಡ್ಡ ಇರಲಿ. ನಿಂತ ಬಾರ್ ಕೆಳಗೆ ಉದ್ದನೆಯ ಕನ್ನಡ ಉತ್ತರ ಓರೆಯಾಗುತ್ತದೆ, ಫೋನಿನಲ್ಲಿ ಓದಲು ಕತ್ತು ಓರೆ ಮಾಡಬೇಕು. ಪೈ ಚಾರ್ಟ್ ನನಗೆ ಬೇಡ. ಹತ್ತಿರ ಹತ್ತಿರ ಇರುವ ಎರಡು ಹೋಳಿನಲ್ಲಿ ದೊಡ್ಡದು ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಅಕ್ಷ 0ಯಿಂದಲೇ ಶುರುವಾಗಲಿ, ಇಲ್ಲದಿದ್ದರೆ ಒಬ್ಬರ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಕೆಂಪು ಹಸಿರು ಜೋಡಿ ಬಿಟ್ಟು ನೀಲಿ ಕಿತ್ತಳೆ ಇಟ್ಟುಕೊಂಡಿದ್ದೇನೆ, ಕೆಂಪು ಹಸಿರು ಬೇರೆಬೇರೆಯಾಗಿ ಕಾಣದ ಹುಡುಗರು ಕ್ಲಾಸಿನಲ್ಲಿ ಇರಬಹುದು. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಅದರ ಚಾರ್ಟ್ ಬಿಡಿಸುವ ಸಲಕರಣೆಯಾದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕನ್ನಡ ಹಾಕುವ ಮೊದಲು ಒತ್ತಕ್ಷರ ಪರೀಕ್ಷಿಸಿ ನೋಡಿ. ಕನ್ನಡದ ಫಾಂಟ್ ಕೊಟ್ಟರೂ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತುಬಿಡುವುದುಂಟು. ಬ್ರೌಸರ್‌ನಲ್ಲಿ ಮೂಡುವ ಚಾರ್ಟ್‌ಗಳಲ್ಲಿ ಈ ತೊಂದರೆ ಬರುವುದಿಲ್ಲ.

ಎಷ್ಟು ಜನ ಬರೆದರು ಅಂತ ಚಾರ್ಟ್ ಕೆಳಗೆ ತಪ್ಪದೆ ಹಾಕುತ್ತೇನೆ. ಹಾಸನಾಂಬೆಯ ಗುಡಿ ಬಾಗಿಲು ತೆರೆದಿರುವ ದಿನಗಳಲ್ಲಿ ಕ್ವಿಜ್ ಇಟ್ಟರೆ ಬರೆಯುವವರೇ ಕಮ್ಮಿ. ಆ ವಾರದ ಶೇಕಡಾವನ್ನು ಹಿಂದಿನ ವಾರದ್ದರ ಪಕ್ಕ ಇಟ್ಟು ಮಾತಾಡಿದರೆ ಅರ್ಥವಿಲ್ಲ.

ಮೂಡಲ್ ಇಲ್ಲದವರಿಗೆ ಗೂಗಲ್ ಫಾರ್ಮ್ಸ್ ಸಾಕು. ಪ್ರತಿ ಪ್ರಶ್ನೆಗೂ ಚಾರ್ಟ್ ಅದೇ ಮಾಡಿಕೊಡುತ್ತದೆ. ಫಾರ್ಮನ್ನು ಕ್ವಿಜ್ ಆಗಿ ಮಾಡಿಕೊಂಡಿದ್ದರೆ ಸರಾಸರಿ, ಮಧ್ಯಾಂಕ, ಹೆಚ್ಚು ಜನ ತಪ್ಪಿದ ಪ್ರಶ್ನೆಗಳು ಎಲ್ಲವೂ ಅಲ್ಲೇ ಸಿಗುತ್ತವೆ. ಉತ್ತರ ಕಳಿಸಿದವರಿಗೆ ಸಾರಾಂಶ ತೋರಿಸುವ ಒಂದು ಸೆಟ್ಟಿಂಗ್ ಇದೆ, ಅದನ್ನು ಮಾತ್ರ ಯೋಚಿಸಿ ಆನ್ ಮಾಡಿ. ಫಾರ್ಮ್‌ನ ಮೊದಲ ಪ್ರಶ್ನೆಯಾಗಿ ಹೆಸರು ಕೇಳಿದ್ದರೆ ಎಲ್ಲರ ಹೆಸರೂ ಎಲ್ಲರಿಗೂ ಕಾಣುತ್ತದೆ. ಮೊದಲು ಬರೆದವರು ಸಾರಾಂಶ ನೋಡಿ ಉಳಿದವರಿಗೆ ವಾಟ್ಸಾಪ್ ಮಾಡುವುದೂ ಇದ್ದದ್ದೇ.

ಮಕ್ಕಳಿಗೆ ತೋರಿಸದೆ ನಾನೊಬ್ಬಳೇ ನೋಡುವ ಎರಡು ಸಂಖ್ಯೆ ಮೂಡಲ್‌ನ ಸ್ಟ್ಯಾಟಿಸ್ಟಿಕ್ಸ್ ವರದಿಯಲ್ಲಿವೆ. ಫೆಸಿಲಿಟಿ ಇಂಡೆಕ್ಸ್ ಅಂದರೆ ಆ ಪ್ರಶ್ನೆಗೆ ಕ್ಲಾಸಿನ ಸರಾಸರಿ ಅಂಕ ಶೇಕಡಾ ಎಷ್ಟು ಅನ್ನುವುದು. ನಾಲ್ಕು ಆಯ್ಕೆಯ ಪ್ರಶ್ನೆಯಲ್ಲಿ ಕಣ್ಣು ಮುಚ್ಚಿ ಒತ್ತಿದರೂ 25ರ ಸುಮಾರು ಬರುತ್ತದೆ. ಅದರ ಆಸುಪಾಸಿನಲ್ಲಿದ್ದರೆ ಯಾರಿಗೂ ಗೊತ್ತಿಲ್ಲ ಅಂತಲೇ ಲೆಕ್ಕ. ಡಿಸ್ಕ್ರಿಮಿನೇಷನ್ ಇಂಡೆಕ್ಸ್ ಹೇಳುವುದು, ಉಳಿದ ಪ್ರಶ್ನೆಗಳಲ್ಲಿ ಚೆನ್ನಾಗಿ ಮಾಡಿದವರು ಇದರಲ್ಲೂ ಚೆನ್ನಾಗಿ ಮಾಡಿದ್ದಾರಾ ಅಂತ. ಇದು ಮೈನಸ್ ಬಂದರೆ ಮಕ್ಕಳನ್ನು ಬೈಯುವ ಮೊದಲು ಉತ್ತರದ ಕೀ ನೋಡಬೇಕು.

ತುಂಬಾ ಕಡಿಮೆ ಮಕ್ಕಳಿದ್ದಾಗ ಈ ಎರಡನ್ನೂ ನೆಚ್ಚಿಕೊಳ್ಳಬೇಡಿ. ಫೇಲಾದ ವಿಷಯಕ್ಕೆ ಮತ್ತೆ ಕಟ್ಟಿದ ಏಳೆಂಟು ಮಕ್ಕಳ ಬ್ಯಾಚ್‌ಗೆ ನಾನು ಚಾರ್ಟ್ ಮಾಡಲು ಹೋಗುವುದೇ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ‘ಇದನ್ನು ಯಾಕೆ ಒತ್ತಿದೆ?’ ಅಂತ ಕೇಳಿಬಿಡುತ್ತೇನೆ.