‘ಅಕ್ಕಾ, ಅಲ್ಲಿ ನಮ್ಮವರು ಸಿಗ್ತಾರಾ?’

ಇಂಗ್ಲೆಂಡಿನಿಂದ ರಜೆಗೆ ಕೋಲಾರಕ್ಕೆ ಬಂದಿದ್ದೇನೆ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚ್ ಮುಂದೆ ಮೂವರು ಹುಡುಗಿಯರು ನನ್ನನ್ನು ಹಿಡಿದು ನಿಲ್ಲಿಸಿದರು. ಮೂವರೂ ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಹೊರಟಿದ್ದಾರೆ. ಸಂಬಳ, ಚಳಿ, ಮನೆ ಬಾಡಿಗೆ ಎಲ್ಲ ಕೇಳಿದರು. ಕೊನೆಗೆ ಒಬ್ಬಳು ಮೆಲ್ಲಗೆ ಕೇಳಿದಳು, ‘ಅಕ್ಕಾ, ಅಲ್ಲಿ ನಮ್ಮವರು ಸಿಗ್ತಾರಾ?’ ನಿಂತುಕೊಂಡೇ ಹೇಳಿ ಮುಗಿಸುವ ಮಾತಲ್ಲ ಅದು, ಅದಕ್ಕೇ ಬರೆಯುತ್ತಿದ್ದೇನೆ. ತುಮಕೂರು, ಚಿಕ್ಕಬಳ್ಳಾಪುರದಿಂದ ಹೊರಟವರೂ ಓದಿ.

ಸಿಗ್ತಾರೆ. ಆದರೆ ಭಾನುವಾರದ ಆರಾಧನೆ ಒಂದರಿಂದಲೇ ಸಿಗುವುದು ಕಷ್ಟ. ನಾನು ಹೋಗಿದ್ದು ಡಿಸೆಂಬರಿನಲ್ಲಿ. ಮೊದಲ ಏಳು ತಿಂಗಳು ಡ್ಯೂಟಿ ಇಲ್ಲದ ಭಾನುವಾರವೆಲ್ಲ ತಪ್ಪದೆ ಚರ್ಚಿಗೆ ಹೋದೆ. ಬಾಗಿಲಲ್ಲಿ ಕೈ ಕುಲುಕುತ್ತಾರೆ, ಕಾಫಿ ಕೊಡುತ್ತಾರೆ, ಮಳೆಯ ಬಗ್ಗೆ ಎರಡು ಮಾತಾಡುತ್ತಾರೆ. ಅಷ್ಟೇ. ರೂಮಿಗೆ ಬಂದು ಒಲೆ ಮೇಲೆ ಅನ್ನಕ್ಕಿಟ್ಟು ಅಳುತ್ತಿದ್ದೆ. ಅವರು ಕೆಟ್ಟವರಲ್ಲ ರೀ. ಕರೆಯದೆ ಇನ್ನೊಬ್ಬರ ಮನೆಗೆ ಹೋಗುವುದಿಲ್ಲ, ನಾವಾಗಿ ಹೇಳದಿದ್ದರೆ ನಮ್ಮ ಮನೆ ವಿಷಯ ಕೇಳುವುದಿಲ್ಲ, ಅದೇ ಅಲ್ಲಿನ ಮರ್ಯಾದೆ. ಆ ಬಿಗಿ ಸಡಿಲವಾಗುವುದು ಕ್ಯಾಂಪಿನಲ್ಲಿ.

ಅಲ್ಲಿ ಎಷ್ಟೋ ಚರ್ಚ್ ಸಭೆಗಳು ವರ್ಷಕ್ಕೊಮ್ಮೆ ಎರಡು ಮೂರು ದಿನ ಊರ ಹೊರಗೆ ಹೋಗಿ ಒಟ್ಟಿಗೆ ಉಳಿಯುತ್ತವೆ. ದೊಡ್ಡದಕ್ಕೆ ಹೋಗಬೇಕೆಂದರೆ ಕೆಸ್ವಿಕ್ ಕನ್ವೆನ್ಷನ್ ಇದೆ, ಬರೆಯುವುದು ಹಾಗೆ, ಹೇಳುವಾಗ ‘ಕೆಸಿಕ್’ ಅನ್ನಿ. ಕೆಸ್ವಿಕ್ ಅನ್ನುವುದು ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟ, ಸರೋವರಗಳ ನಡುವಿನ ಪುಟ್ಟ ಊರು. 1875ರಲ್ಲಿ ಶುರುವಾದ ಕೂಟ, ಈಗ ಬೇಸಿಗೆಯಲ್ಲಿ ಮೂರು ವಾರ ನಡೆಯುತ್ತದೆ. ಆ ಊರಿಗೆ ರೈಲಿಲ್ಲ, ಪೆನ್ರಿತ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ಕ್ರಿಸ್ತ ಯೇಸುವಿನಲ್ಲಿ ಎಲ್ಲರೂ ಒಂದೇ ಅನ್ನುವುದು ಅದರ ಧ್ಯೇಯ. ನಮ್ಮ ಕಡೆಯವರು ಇದನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕೋಲಾರದಲ್ಲಿ ನಾವು ಅಮೆರಿಕದ ಮಿಷನ್ ಕಡೆಯಿಂದ ಬಂದ ಮೆಥಡಿಸ್ಟರು, ಚಿಕ್ಕಬಳ್ಳಾಪುರದಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ), ಆ ಸಿ.ಎಸ್.ಐ. ಕೂಡ 1947ರಲ್ಲಿ ಬೇರೆ ಬೇರೆ ಸಭೆಗಳು ಸೇರಿ ಆಗಿದ್ದೇ ಅಲ್ವಾ. ಹಾಗಾಗಿ ಊರಿನ ಸಭೆಯ ಹೆಸರಿನ ಬೋರ್ಡೇ ಬೇಕು ಅಂತ ಹುಡುಕುತ್ತಾ ವರ್ಷ ಕಳೆಯಬೇಡಿ. ನೈಟ್ ಡ್ಯೂಟಿ ಮುಗಿಸಿ ನಡೆದು ಹೋಗುವಷ್ಟು ಹತ್ತಿರದ ಸಭೆಗೆ ಸೇರಿ. ಸೇರಿದ ತಿಂಗಳಲ್ಲೇ ಕ್ಯಾಂಪ್ ಯಾವಾಗ ಎಂದು ಕೇಳಿ ರಜೆ ಹಾಕಿಬಿಡಿ. ಜುಲೈ ಕೊನೆಗೆ ಸ್ಕೂಲ್ ರಜೆ ಶುರು, ವಾರ್ಡಿನಲ್ಲಿ ಮಕ್ಕಳಿರುವವರೆಲ್ಲ ಅದೇ ದಿನಗಳನ್ನು ಕೇಳುತ್ತಾರೆ. ದುಡ್ಡು ಸಾಲದಿದ್ದರೆ ಸಭಾಪಾಲಕರಿಗೆ ಹೇಳಿ. ನಾನು ನಾಚಿಕೊಂಡು ಸುಮ್ನಿದ್ದೆ, ಆಮೇಲೆ ಗೊತ್ತಾಯಿತು, ನಮ್ಮ ಸಭೆಯಲ್ಲಿ ಅದಕ್ಕೆಂದೇ ಹಣ ಎತ್ತಿಟ್ಟಿರುತ್ತಾರೆ.

ಕ್ಯಾಂಪಿಗೆ ಹೋಗಿ ಏನು ಮಾಡಬೇಕು? ಪಾತ್ರೆ ತೊಳೆಯುವ ಪಾಳಿಗೆ ಮೊದಲ ದಿನವೇ ಹೆಸರು ಕೊಡಿ. ಇದೊಂದು ಮಾತು ನೆನಪಿಟ್ಟರೆ ಸಾಕು.

ಕೋಲಾರದ ಯೌವನಸ್ಥರ ಕ್ಯಾಂಪ್ ನೆನಪು ಮಾಡಿಕೊಳ್ಳಿ. ಮನೆಯಿಂದ ತಟ್ಟೆ ಲೋಟ ಒಯ್ಯುತ್ತಿದ್ದೆವು. ಹುಣಸೆ ಮರದ ಕೆಳಗೆ ಮುದ್ದೆ, ಸೊಪ್ಪಿನ ಸಾರು. ಊಟ ಆದ ಮೇಲೆ ನಲ್ಲಿ ಮುಂದೆ ತಟ್ಟೆ ಹಿಡಿದು ಸಾಲು. ಸಂದೇಶ ಏನಿತ್ತೋ ಮರೆತಿರಬಹುದು, ಆ ಸಾಲಿನಲ್ಲಿ ಯಾರು ಏನು ಹೇಳಿಕೊಂಡರು ಅನ್ನುವುದು ನನಗಂತೂ ಇವತ್ತಿಗೂ ನೆನಪಿದೆ.

ಇಂಗ್ಲೆಂಡಿನ ನನ್ನ ಮೊದಲ ಕ್ಯಾಂಪಿನಲ್ಲಿ ಒಂದು ದಿನ ಪೂರ್ತಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಎರಡನೇ ದಿನ ಮಧ್ಯಾಹ್ನ ಸುಮ್ನೆ ಕೂರಲಾಗದೆ ಅಡುಗೆ ಮನೆಗೆ ಹೋದೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಸಿಂಕ್ ಮುಂದೆ ನಿಂತಿದ್ದರು. ಮಾತಾಡದೆ ನನ್ನ ಕೈಗೊಂದು ಟವೆಲ್ ಕೊಟ್ಟರು. ಅಲ್ಲಿ ತೊಳೆದ ತಟ್ಟೆಯನ್ನು ಮತ್ತೆ ನೀರಿಗೆ ಹಿಡಿಯುವುದಿಲ್ಲ, ನೊರೆ ಸಮೇತ ಎತ್ತಿಡುತ್ತಾರೆ, ಒರೆಸುವವರು ಅದನ್ನೇ ಒರೆಸಬೇಕು. ಅರ್ಧ ರಾಶಿ ಮುಗಿದಿತ್ತು. ‘ನಿನ್ನ ಅಮ್ಮನ ಹೆಸರೇನು?’ ಅಂದರು. ಏಳು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಹೇಳಿದೆ. ಅವರು ತಪ್ಪಾಗಿ ಹೇಳಿದರು, ನಾನು ತಿದ್ದಿದೆ, ಮತ್ತೆ ತಪ್ಪಿದರು. ಮೂರನೇ ಸಲ ಸರಿಯಾಗಿ ಬಂತು. ಆ ರಾತ್ರಿ ಬೆಂಕಿ ಸುತ್ತ ಪ್ರಾರ್ಥನೆಗೆ ಕೂತಾಗ ಕೋಲಾರದಲ್ಲಿರುವ ನನ್ನ ಅಮ್ಮನ ಮಂಡಿ ನೋವಿಗಾಗಿ, ಹೆಸರು ಹಿಡಿದು ಪ್ರಾರ್ಥಿಸಿದರು. ನಾನು ಕನ್ನಡದಲ್ಲೇ ಪ್ರಾರ್ಥನೆ ಮಾಡಿದೆ. ನಿಮ್ಮ ಸರದಿ ಬಂದರೆ ನೀವೂ ಹಾಗೇ ಮಾಡಿ, ಇಂಗ್ಲಿಷ್ ಹುಡುಕುತ್ತಾ ಪ್ರಾರ್ಥನೆ ಬಿಡಬೇಡಿ. ಆಮೆನ್ ಎಲ್ಲರಿಗೂ ಅರ್ಥವಾಗುತ್ತದೆ. ಸತ್ಯವೇದದಲ್ಲಿ ಅನ್ಯೋನ್ಯತೆ ಎಂದು ಚಿಕ್ಕಂದಿನಿಂದ ಓದಿದ್ದೆ, ಆ ದಿನ ಅದನ್ನು ಕಂಡೆ.

ಒಂದು ಎಚ್ಚರಿಕೆ. ಎಲ್ಲ ಗುಂಪೂ ಹೀಗಿರುವುದಿಲ್ಲ. ಸಂಬಳ ಎಷ್ಟು ಅಂತ ಕೇಳಿ ಕಾಣಿಕೆಗೆ ಒತ್ತಾಯ ಮಾಡುವವರು, ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತೇವೆ ಅನ್ನುವವರು, ಮನೆಯವರ ಜೊತೆ ಮಾತು ಕಡಿಮೆ ಮಾಡು ಅನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಸಾಮಾನು ಜಾಸ್ತಿ ಬೇಡ. ಜುಲೈ ಅಂದರೂ ಟೆಂಟಿನಲ್ಲಿ ರಾತ್ರಿ ಚಳಿ, ದಪ್ಪ ಸ್ವೆಟರ್ ಇರಲಿ. ಮಳೆ ಕೋಟು, ಟಾರ್ಚ್, ಒಂದು ಡಬ್ಬಿ ಚಟ್ನಿ ಪುಡಿ. ಬೆಟ್ಟದ ನಡುವೆ ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲ. ಅಮ್ಮನಿಗೆ ಮೊದಲೇ ಹೇಳಿ ಹೋಗಿ, ಇಲ್ಲದಿದ್ದರೆ ಇಲ್ಲಿ ಅವರು ಊಟ ಬಿಟ್ಟು ಕೂತಿರುತ್ತಾರೆ.

ಡಿಸೆಂಬರ್ 25ರಂದು ಅಲ್ಲಿ ರೈಲು ಓಡುವುದಿಲ್ಲ, ಬಸ್ಸು ಸಿಗುವುದೂ ಅಪರೂಪ. ಇಲ್ಲಾದರೆ ರಾತ್ರಿಯೆಲ್ಲ ಕ್ಯಾರಲ್ ಹಾಡಿಕೊಂಡು ಮನೆ ಮನೆ ತಿರುಗಿ, ಬೆಳಗ್ಗೆ ಅಕ್ಕಪಕ್ಕದವರಿಗೆಲ್ಲ ಕಜ್ಜಾಯ ಹಂಚುತ್ತೇವೆ. ಮೊದಲ ಕ್ರಿಸ್ಮಸ್ಸನ್ನು ನಾನು ರೂಮಿನಲ್ಲೇ ಕಳೆದೆ. ಕ್ಯಾಂಪ್ ಆದ ಮೇಲಿನ ಕ್ರಿಸ್ಮಸ್ಸಿಗೆ ಆ ಅಜ್ಜಿ ಮಗನನ್ನು ಕಾರಿನಲ್ಲಿ ಕಳಿಸಿ ಮನೆಗೆ ಕರೆಸಿಕೊಂಡರು. ಕಜ್ಜಾಯ ಮಾಡಿ ಒಯ್ದಿದ್ದೆ. ಈಗ ಪ್ರತಿ ವರ್ಷ ಡಿಸೆಂಬರ್ ಮೊದಲ ವಾರ ಅವರೇ ಫೋನ್ ಮಾಡಿ ಕೇಳುತ್ತಾರೆ, ಬೆಲ್ಲ ಸಿಕ್ಕಿತಾ ಅಂತ.