ಪಾಲಿಹೌಸ್ ದೊಣ್ಣೆ ಮೆಣಸಿನಕಾಯಿ: ಒತ್ತಾಗಿ ನೆಡುವುದೋ, ವಿರಳವಾಗಿ ನೆಡುವುದೋ?

ಪಾಲಿಹೌಸ್‌ನಲ್ಲಿ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸಿರುಮನೆಯಲ್ಲಿ) ದೊಣ್ಣೆ ಮೆಣಸಿನಕಾಯಿ ಬೆಳೆಯಲು ಮುಂದಾಗುವ ರೈತರು ನರ್ಸರಿಗೆ ಸಸಿ ಹೇಳುವ ಮೊದಲೇ ಗಿಡದಿಂದ ಗಿಡಕ್ಕೆ ಎಷ್ಟು ಅಂತರ ಬಿಡಬೇಕೆಂದು ತೀರ್ಮಾನಿಸಿಕೊಳ್ಳಬೇಕು. ಒಮ್ಮೆ ನೆಟ್ಟ ಬೆಳೆ ಒಂಬತ್ತು ಹತ್ತು ತಿಂಗಳು ಅದೇ ಏರುಮಡಿಯಲ್ಲಿ ನಿಲ್ಲುವುದರಿಂದ, ಬಿತ್ತನೆ ಬೀಜದ ಖರ್ಚು, ಕೂಲಿ, ರೋಗದ ಹಾವಳಿ, ಕಾಯಿಯ ಗಾತ್ರ ಎಲ್ಲವೂ ಈ ಒಂದು ನಿರ್ಧಾರಕ್ಕೆ ಅಂಟಿಕೊಂಡಿರುತ್ತವೆ.

ಮೊದಲು ಮಾಡಬೇಕಾದದ್ದು ಲೆಕ್ಕ. ಒಂದು ಮೀಟರ್ ಅಗಲದ ಏರುಮಡಿ, ಅದರ ಪಕ್ಕದಲ್ಲಿ ಅರ್ಧ ಮೀಟರ್ ಓಡಾಟದ ದಾರಿ, ಮಡಿಯ ಮೇಲೆ ಎರಡು ಸಾಲು ಎಂದು ಇಟ್ಟುಕೊಳ್ಳೋಣ. ಸಾಲಿನಲ್ಲಿ 30 ಸೆಂಟಿಮೀಟರ್‌ಗೆ ಒಂದರಂತೆ ನೆಟ್ಟರೆ 1000 ಚದರ ಮೀಟರ್‌ಗೆ ಸುಮಾರು 4,440 ಸಸಿಗಳು ಬೇಕು. 45 ಸೆಂಟಿಮೀಟರ್‌ಗೆ 2,960 ಸಾಕು. 60 ಸೆಂಟಿಮೀಟರ್‌ಗೆ 2,220. ಬದಿಯ ದಾರಿಗಳ ಜಾಗ ಕಳೆದರೆ ಈ ಸಂಖ್ಯೆಗಳು ಇನ್ನಷ್ಟು ಇಳಿಯುತ್ತವೆ. ಹೈಬ್ರಿಡ್ ಬೀಜವನ್ನು ಕಾಳಿನ ಲೆಕ್ಕದಲ್ಲಿ ಕೊಳ್ಳಬೇಕಾದ ಬೆಳೆಯಿದು. ಹಾಗಾಗಿ ಅಂತರ ಇಮ್ಮಡಿಯಾದರೆ ಸಸಿಯ ಖರ್ಚು ಅರ್ಧಕ್ಕೆ ಇಳಿಯುತ್ತದೆ.

ಆದರೆ ಗಿಡಗಳನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಪಾಲಿಹೌಸ್‌ನಲ್ಲಿ ಎಣಿಸಬೇಕಾದದ್ದು ಕವಲುಗಳನ್ನು. ದೊಣ್ಣೆ ಮೆಣಸಿನ ಗಿಡ ಐದಾರು ಗೆಣ್ಣು ಬೆಳೆದ ಮೇಲೆ ಎರಡಾಗಿ ಕವಲೊಡೆಯುತ್ತದೆ, ಆ ಎರಡು ಮತ್ತೆ ನಾಲ್ಕಾಗುತ್ತವೆ. ಎಷ್ಟನ್ನು ಉಳಿಸಿಕೊಂಡು ಹುರಿಗೆ ಕಟ್ಟಿ ಮೇಲಕ್ಕೆ ಹಬ್ಬಿಸಬೇಕೆಂಬುದು ನಮ್ಮ ಕೈಯಲ್ಲಿದೆ. 30 ಸೆಂಟಿಮೀಟರ್‌ಗೆ ನೆಟ್ಟು ಎರಡು ಕವಲು ಬಿಟ್ಟರೂ, 45ಕ್ಕೆ ನೆಟ್ಟು ಮೂರು ಬಿಟ್ಟರೂ, 60ಕ್ಕೆ ನೆಟ್ಟು ನಾಲ್ಕು ಬಿಟ್ಟರೂ ಚದರ ಮೀಟರ್‌ಗೆ ಹೆಚ್ಚು ಕಡಿಮೆ ಒಂಬತ್ತು ಕವಲುಗಳೇ ಸಿಗುತ್ತವೆ. ಅದೇ 45ಕ್ಕೆ ನೆಟ್ಟು ನಾಲ್ಕು ಕವಲು ಉಳಿಸಿದರೆ ಸಂಖ್ಯೆ ಹನ್ನೆರಡಕ್ಕೆ ಏರುತ್ತದೆ. ಅಂದರೆ ವಿರಳವಾಗಿ ನೆಟ್ಟಿದ್ದೇನೆಂದು ನಂಬಿದ ರೈತನ ಪಾಲಿಹೌಸ್, ಮೂರು ತಿಂಗಳು ಕಳೆಯುವಷ್ಟರಲ್ಲಿ ಒತ್ತಾಗಿ ನೆಟ್ಟ ನೆರೆಯವನದಕ್ಕಿಂತ ದಟ್ಟವಾಗಿರಬಹುದು. ಬೆಳಕು ಬೀಳುವುದು ಎಲೆಗಳ ಮೇಲೆ. ಆ ಎಲೆ ಯಾವ ಬುಡಕ್ಕೆ ಸೇರಿದ್ದೆಂಬುದು ಬೆಳಕಿಗೆ ಮುಖ್ಯವಲ್ಲ.

ಎರಡನೆಯ ಹೆಜ್ಜೆ ಬೆಳಕಿನ ಅಂದಾಜು. ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಬೇಸಿಗೆಯ ಬಿಸಿಲು ಎಷ್ಟು ತೀಕ್ಷ್ಣವೆಂದರೆ ಎಲೆಯ ಮರೆಯಿಲ್ಲದ ಕಾಯಿಯ ಮೈ ಬಿಸಿಲಿಗೆ ಬೆಂದು ಬಿಳಿಚಿಕೊಳ್ಳುತ್ತದೆ. ಅಲ್ಲಿ ಒಂಬತ್ತು ಕವಲಿನ ದಟ್ಟಣೆ ಕಾಯಿಗಳಿಗೆ ನೆರಳಾಗಿ ಒದಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದೇ ಇರುವ ಮಲೆನಾಡಿನಲ್ಲಿ ಅದೇ ದಟ್ಟಣೆಯಿಟ್ಟರೆ ಒಳಭಾಗದ ಹೂಗಳು ಉದುರುತ್ತವೆ, ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಅಂಥ ಕಡೆ 45 ಸೆಂಟಿಮೀಟರ್ ಅಂತರ, ಎರಡೇ ಕವಲು, ಅಂದರೆ ಚದರ ಮೀಟರ್‌ಗೆ ಸುಮಾರು ಆರು ಕವಲುಗಳಿಗೆ ನಿಲ್ಲುವುದು ಕ್ಷೇಮವೆಂದು ನನ್ನ ಅಭಿಪ್ರಾಯ. ಮೇಲ್ಹೊದಿಕೆಯ ಹಾಳೆ ಹಳತಾಗಿ ಧೂಳು ಹಿಡಿದಿದ್ದರೆ, ಬಯಲುಸೀಮೆಯವರೂ ಬೆಳಕು ಕಡಿಮೆಯಿರುವ ಪಾಲಿಹೌಸ್ ಎಂದೇ ಭಾವಿಸಿ ಲೆಕ್ಕ ಹಾಕಬೇಕು.

ಗಾಳಿಯಾಟದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ದಟ್ಟ ಎಲೆಗಳ ನಡುವೆ ತೇವ ನಿಂತುಕೊಳ್ಳುತ್ತದೆ, ಬೂದಿ ರೋಗ ಎಲೆಯ ಅಡಿಭಾಗದಲ್ಲಿ ಬೆಳೆಯುತ್ತಾ ಬಂದು, ಮೇಲ್ಭಾಗದಲ್ಲಿ ಹಳದಿ ಮಚ್ಚೆ ಮೂಡಿದ ಮೇಲೆಯೇ ನಮ್ಮ ಕಣ್ಣಿಗೆ ಬೀಳುತ್ತದೆ. ರಸ ಹೀರುವ ಥ್ರಿಪ್ಸ್ ಮತ್ತು ನುಸಿಗೆ ಹೊಡೆಯುವ ಔಷಧಿಯೂ ಹೊರಗಿನ ಎಲೆಗಳನ್ನು ತೊಯಿಸಿ ನಿಲ್ಲುತ್ತದೆಯೇ ಹೊರತು ಅವು ಅಡಗಿರುವ ಒಳಚಿಗುರನ್ನು ಮುಟ್ಟುವುದಿಲ್ಲ. ಪಕ್ಕದ ಪರದೆಗಳನ್ನು ದಿನವೂ ಏರಿಸಿ ಇಳಿಸಲು ಆಳು ಇಲ್ಲದವರು ಒತ್ತಾದ ನಾಟಿಗೆ ಕೈ ಹಾಕಬಾರದು.

ಕೂಲಿಯ ಲೆಕ್ಕ ಇಷ್ಟು ಸರಳವಲ್ಲ. ಎರಡು ಕವಲಿನ ಗಿಡದಲ್ಲಿ ಯಾವ ಚಿಗುರು ಉಳಿಸಬೇಕು, ಯಾವುದನ್ನು ಚಿವುಟಬೇಕು ಎಂಬುದು ಹೊಸ ಕೆಲಸಗಾರರಿಗೂ ಬೇಗ ತಿಳಿಯುತ್ತದೆ. ನಾಲ್ಕು ಕವಲಿನ ಗಿಡಕ್ಕೆ ಅನುಭವದ ಕೈ ಬೇಕು. ಎಂಟು ಹತ್ತು ದಿನಕ್ಕೊಮ್ಮೆ ಚಿವುಟುವುದು ಒಂದು ಬಾರಿ ತಪ್ಪಿದರೂ ಗಿಡ ಪೊದೆಯಾಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ: ಬುಡ ಕೊಳೆತು ಗಿಡ ಸತ್ತರೆ ಒತ್ತಾದ ನಾಟಿಯಲ್ಲಿ ಎರಡು ಕವಲು ಹೋಗುತ್ತವೆ, ಪಕ್ಕದ ಗಿಡ ಆ ಜಾಗ ತುಂಬುತ್ತದೆ, ವಿರಳ ನಾಟಿಯಲ್ಲಿ ಒಮ್ಮೆಗೇ ನಾಲ್ಕು ಹೋಗಿ ಸಾಲಿನಲ್ಲಿ ದೊಡ್ಡ ಖಾಲಿ ಉಳಿಯುತ್ತದೆ. ಹಿಂದಿನ ಬೆಳೆಯಲ್ಲಿ ಸೊರಗು ರೋಗ ಕಂಡಿದ್ದ ಮಣ್ಣಿನಲ್ಲಿ ಇದನ್ನು ಮರೆಯುವಂತಿಲ್ಲ, ಆದರೂ ಅಲ್ಲಿ ಮೊದಲ ಕೆಲಸ ಮಣ್ಣಿನ ಉಪಚಾರವೇ.

ಮಾರುಕಟ್ಟೆಯನ್ನೂ ನೋಡಿ. ಹಸಿರು ಕಾಯಿ ನೆಟ್ಟ 55ರಿಂದ 60 ದಿನಕ್ಕೆ ಕೊಯ್ಲಿಗೆ ಬರುತ್ತದೆ; ಹಳದಿಗೆ 70ರಿಂದ 75, ಕೆಂಪಿಗೆ 80ರಿಂದ 90 ದಿನ ಬೇಕು. ಬಣ್ಣದ ಕಾಯಿ ಗಿಡದ ಮೇಲೆ ಹೆಚ್ಚು ಕಾಲ ನಿಂತು ಮಾಗಬೇಕಾದ್ದರಿಂದ, ಒಂದೇ ಗಿಡದ ಮೇಲೆ ಕವಲುಗಳ ಹೊರೆ ಹೆಚ್ಚಿದಷ್ಟೂ ಕಾಯಿ ಸಣ್ಣದಾಗುವ ಸಾಧ್ಯತೆ ಹೆಚ್ಚು. ದೊಡ್ಡ ಕಾಯಿಗೆ ಬೆಲೆ ಕೊಡುವ ಖರೀದಿದಾರರಿದ್ದರೆ ಎರಡು ಅಥವಾ ಮೂರು ಕವಲು ಮೀರದಿರುವುದು ಒಳ್ಳೆಯದು.

ನಿರ್ಧಾರವಾದ ಮೇಲೆ, ಮಡಿಗೆ ಹೊದಿಸುವ ಮಲ್ಚಿಂಗ್ ಹಾಳೆಗೆ ತೂತು ಹಾಕುವ ಮುನ್ನ, ಹನಿ ನೀರಾವರಿಯ ಕೊಳವೆಗಳನ್ನು ಪರೀಕ್ಷಿಸಿ. 30 ಸೆಂಟಿಮೀಟರ್‌ಗೊಂದು ತೂತಿರುವ ಕೊಳವೆಯಿದ್ದು 45ಕ್ಕೆ ಗಿಡ ನೆಟ್ಟರೆ ಕೆಲವಕ್ಕೆ ಬುಡದಲ್ಲೇ ನೀರು, ಕೆಲವಕ್ಕೆ ಅರ್ಧ ಅಡಿ ದೂರದಲ್ಲಿ ನೀರು ಎಂದಾಗಿ ಬೆಳವಣಿಗೆ ಏರುಪೇರಾಗುತ್ತದೆ. ಎರಡು ಸಾಲುಗಳ ಗಿಡಗಳು ಎದುರುಬದುರಾಗದಂತೆ ಓರೆಯಾಗಿ ಗುರುತು ಹಾಕಿ, 30ರಿಂದ 35 ದಿನದ ಸಸಿಗಳನ್ನು ಸಂಜೆಯ ಹೊತ್ತು ನೆಡಿ. ಮೊದಲ ಬಾರಿ ಬೆಳೆಯುವವರು ಬಯಲುಸೀಮೆಯಲ್ಲಿ 45 ಸೆಂಟಿಮೀಟರ್ ಮತ್ತು ಮೂರು ಕವಲಿನಿಂದ ಆರಂಭಿಸಿ, ಎರಡು ಮಡಿಗಳಲ್ಲಿ ಮಾತ್ರ 30 ಸೆಂಟಿಮೀಟರ್ ಮತ್ತು ಎರಡು ಕವಲಿನ ಕ್ರಮ ಇಟ್ಟು, ಎರಡರ ಕೊಯ್ಲನ್ನೂ ಬೇರೆ ಬೇರೆಯಾಗಿ ತೂಗಿ ಬರೆದಿಡಲಿ.

ಮಳೆಗಾಲ ನಿರೀಕ್ಷೆಗಿಂತ ಮೋಡವಾಗಿ ದಟ್ಟಣೆ ಹೆಚ್ಚಾಯಿತೆಂದು ಕಂಡರೆ ಗಿಡ ಕೀಳಬೇಡಿ. ಪ್ರತಿ ಗಿಡದ ಅತಿ ಬಡಕಲು ಕವಲನ್ನು, ಅದರ ಕಾಯಿ ಕೊಯ್ದ ನಂತರ, ಒಣ ಹವೆಯ ಬೆಳಿಗ್ಗೆ ಚೂಪಾದ ಕತ್ತರಿಯಿಂದ ತೆಗೆದು, ಕತ್ತರಿಸಿದ ಜಾಗಕ್ಕೆ ತಾಮ್ರದ ಆಕ್ಸಿಕ್ಲೋರೈಡ್ ಶಿಲೀಂಧ್ರನಾಶಕವನ್ನು ಸರಿಯಂತೆ ಕಲಸಿ ಬಳಿದು, ತೆಗೆದ ಕವಲುಗಳನ್ನು ಅಂದೇ ಪಾಲಿಹೌಸ್‌ನಿಂದ ಹೊರಗೆ ಸಾಗಿಸಿ.