ಕುಟ್ಟು ಹಿಟ್ಟಿಗೆ ನೀರು ಸುರಿಯಬೇಡಿ

ನವರಾತ್ರಿ ಉಪವಾಸಕ್ಕೆ ಅಂತ ನಮ್ಮ ಹುಡುಗಿಯರು ಈಗ ಪೂರಿ ಮಾಡಲು ಕುಟ್ಟು ಹಿಟ್ಟು, ಅಂದರೆ ಬಕ್‌ವೀಟ್ ಹಿಟ್ಟು, ತರಿಸುತ್ತಾರೆ. ತರಿಸಲಿ, ಬೇಡ ಅನ್ನಲ್ಲ. ಆದರೆ ಚಪಾತಿಗೆ ಕಲಸಿದ ಹಾಗೆ ತಣ್ಣೀರು ಸುರಿದು, ಲಟ್ಟಣಿಗೆ ಹಿಡಿದು, ಹರಿದುಹೋಯ್ತು ಅಂತ ಹಿಟ್ಟನ್ನೇ ಬಯ್ಯುತ್ತಾರಲ್ಲ, ನೋಡಿದರೆ ಮೈ ಉರಿಯುತ್ತದೆ. ಹಿಮಾಲಯದ ಕಡೆ ಬೆಳೆಯುವ ಗಿಡದ ಮೂರು ಮೂಲೆ ಬೀಜ ಅದು. ಧಾನ್ಯವಲ್ಲ ಅಂತಲೇ ಉತ್ತರದವರು ಉಪವಾಸದಲ್ಲಿ ತಿನ್ನುವುದು. ಗೋಧಿಯ ಜಿಗುಟು ಎಲ್ಲಿಂದ ಬರಬೇಕು? ರಾಗಿ ರೊಟ್ಟಿ ತಟ್ಟುವ ಕೋಲಾರದವರಿಗೆ ಇದನ್ನೂ ಹೇಳಿಕೊಡಬೇಕಾ?

ಕೆ.ಜಿ.ಎಫ್.ನ ಬೆಮೆಲ್ ನಗರದಲ್ಲಿದ್ದಾಗ ನಮ್ಮ ಪಕ್ಕದ ಮನೆಯವರು ಉತ್ತರಾಖಂಡದ ಗಢವಾಲದವರು. ಆಕೆಯ ಕೈ ನೋಡಿಯೇ ನಾನು ಕಲಿತದ್ದು. ಹಿಟ್ಟಿಗೆ ಆಕೆ ಒಂದು ತೊಟ್ಟು ನೀರು ಹಾಕುತ್ತಿರಲಿಲ್ಲ, ಬೆಂದ ಆಲೂಗಡ್ಡೆಯಲ್ಲೇ ಕಲಸುತ್ತಿದ್ದರು. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಬೇಕು. ಹೆಚ್ಚಿ ಬೇಯಿಸಿದರೆ ನೀರು ಕುಡಿದುಕೊಳ್ಳುತ್ತದೆ. ಬೆಂದ ಕೂಡಲೇ ಬಸಿದು, ಮೇಲಿನ ಪಸೆ ಆರಲು ಬಿಡಿ. ಕೈಗೆ ಸುಡುತ್ತಿರುವಾಗಲೇ ಸಿಪ್ಪೆ ತೆಗೆದು ತುರಿಯಿರಿ. ಸೌಟಿನಲ್ಲಿ ಜಜ್ಜಿದರೆ ಗಂಟು ಉಳಿಯುತ್ತದೆ, ಗಂಟಿದ್ದ ಕಡೆ ಪೂರಿ ಒಡೆಯುತ್ತದೆ. ಆ ಬಿಸಿ ತುರಿಗೆ ಸೈಂಧವ ಲವಣ, ಹಸಿಮೆಣಸಿನಕಾಯಿ ಹಾಕಿ, ಹಿಡಿ ಹಿಡಿಯಾಗಿ ಹಿಟ್ಟು ಸೇರಿಸುತ್ತಾ ಅಂಗೈಯ ಬುಡದಿಂದ ಒತ್ತಿ ನಾದಿ. ಮೊದಲು ಪುಡಿಪುಡಿ ಅನ್ನಿಸುತ್ತದೆ. ಗಾಬರಿಯಾಗಿ ಲೋಟ ಬಗ್ಗಿಸಬೇಡಿ! ಒತ್ತುತ್ತಾ ಹೋದರೆ ಆಲೂಗಡ್ಡೆಯ ಪಸೆಯೇ ಸಾಕಾಗುತ್ತದೆ. ಉಂಡೆ ಒತ್ತಿದಾಗ ಅಂಚು ಬಿರುಕು ಬಿಡಬಾರದು, ಬೆರಳಿಗೆ ಅಂಟಬಾರದು, ಆಗ ಹದ ಬಂತು ಅಂತ.

ಕಲಸಿಟ್ಟು ಫೋನ್ ಹಿಡಿದು ಕೂರಬೇಡಿ. ಉಪ್ಪು ಬಿದ್ದ ಆಲೂಗಡ್ಡೆ ನೀರು ಬಿಡುತ್ತದೆ, ಹಿಟ್ಟು ಸಡಿಲವಾಗುತ್ತದೆ. ಎಣ್ಣೆ ಕಾಯಲು ಇಟ್ಟ ಮೇಲೇ ಕಲಸಿ. ಎಣ್ಣೆ ಸವರಿದ ಬಾಳೆಲೆಯ ಮೇಲೆ ಸ್ವಲ್ಪ ದಪ್ಪಕ್ಕೇ ತಟ್ಟಿ, ಕಾದ ಎಣ್ಣೆಗೆ ಬಿಡಿ. ಗೋಧಿ ಪೂರಿಯಷ್ಟು ಉಬ್ಬದಿದ್ದರೂ ಚಿಂತೆಯಿಲ್ಲ.

ಇನ್ನೊಂದು ಮಾತು. ಈ ಹಿಟ್ಟು ಬೇಗ ಕಮಟು ಹಿಡಿಯುತ್ತದೆ. ಚಿಟಿಕೆ ಬಾಯಿಗೆ ಹಾಕಿಕೊಂಡಾಗ ನಾಲಿಗೆ ಕೆರೆದ ಹಾಗಾದರೆ ಎಸೆದುಬಿಡಿ. ಹಳೇ ಕುಟ್ಟು ಹಿಟ್ಟು ತಿಂದು ಜನ ಆಸ್ಪತ್ರೆ ಸೇರಿದ ಸುದ್ದಿ ನವರಾತ್ರಿಯಲ್ಲಿ ದೆಹಲಿ ಕಡೆಯಿಂದ ಎಷ್ಟೋ ಸಲ ಬಂದಿದೆ. ಸ್ವಲ್ಪವೇ ತನ್ನಿ, ಫ್ರಿಜ್‌ನಲ್ಲಿಡಿ. ಡಬ್ಬದ ತಳದಲ್ಲಿ ಹಳೇ ಹಿಟ್ಟಿರುವಾಗಲೇ ಹೊಸದನ್ನು ಸುರಿಯುವ ಅಭ್ಯಾಸ ಬಿಡಿ. ರಾಗಿ ಡಬ್ಬಕ್ಕೂ ಇದೇ ಮಾತು. ತೊಳೆದು, ಮುಚ್ಚಳ ಸಮೇತ ಬಿಸಿಲಿಗೆ ಬೋರಲು ಹಾಕಿ, ಆಮೇಲೆ ತುಂಬಿಸಿ.

ಪೂರಿಗೆ ಗಟ್ಟಿ ಮೊಸರು ಇದ್ದರೆ ಸಾಕು. ಬಿಸಿಯಾಗಿದ್ದಾಗಲೇ ತಿನ್ನಿ, ಆರಿದರೆ ಬಿರುಸಾಗುತ್ತದೆ.